ಜಗಳಕ್ಕೂ ತಿಥಿ ಇರುತ್ತದೆ: ಮಂತ್ರಾಲಯದ ಸಂಸಾರ ಕಲಿಸಿದ ಪಾಠಗಳು

ತುಂಗಭದ್ರೆಯ ಆಚೆ ದಡ ರಾಯಚೂರು ಜಿಲ್ಲೆ, ಈಚೆ ದಡ ಕರ್ನೂಲು ಜಿಲ್ಲೆ. ನನ್ನ ತವರು ಆ ಕಡೆ, ಗಂಡನ ಮನೆ ಈ ಕಡೆ. ಇಂಥ ಬೀಗತನ ಇಲ್ಲಿ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೆ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಎದುರು ದಡದ ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಸರ್ಕಾರಗಳು ಬದಲಾದವು, ಹೆಣ್ಣು ಕೊಡುವುದು ತರುವುದು ನಿಲ್ಲಲಿಲ್ಲ.

ಹೊರಗಿನವರಿಗೆ ಮಂತ್ರಾಲಯ ಅಂದರೆ 1671ರಲ್ಲಿ ರಾಘವೇಂದ್ರ ಸ್ವಾಮಿಗಳು, ಅಂದರೆ ನಮ್ಮ ರಾಯರು, ಬೃಂದಾವನ ಪ್ರವೇಶ ಮಾಡಿದ ಕ್ಷೇತ್ರ. ಊರಲ್ಲೇ ಸಂಸಾರ ಮಾಡುವ ನಮಗೆ ಅದರ ಜೊತೆ ಅಂಗಡಿ ಬಾಡಿಗೆ, ಬೋರು, ಬಸ್ಸು, ಶಾಲೆ ಫೀಸು ಎಲ್ಲ ಇದೆ. ನಮ್ಮ ಮನೆಯವರದು ಪೂಜಾಸಾಮಾನಿನ ಸಣ್ಣ ಅಂಗಡಿ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಕೋಸಿಗಿ ಕಡೆ ಅಣ್ಣತಮ್ಮಂದಿರ ಎರೆಹೊಲದಲ್ಲಿ ನಮ್ಮದೂ ಒಂದು ಪಾಲಿದೆ.

ಹೊಸದಾಗಿ ಮದುವೆಯಾದ ಹುಡುಗಿಯರು ಹೊಲಿಗೆಗೆ ಬಂದರೆ ಬ್ಲೌಸಿನ ಅಳತೆಯ ಜೊತೆ ಗಂಡನ ಮೇಲಿನ ದೂರನ್ನೂ ಕೊಟ್ಟು ಹೋಗುತ್ತಾರೆ. “ಅಕ್ಕಾ, ಇವರು ಮೊದಲು ಹಿಂಗಿರಲಿಲ್ಲ” ಅಂತ ಒಬ್ಬಳು ಶುರುಮಾಡಿದರೆ ನಾನು ಕೇಳುವುದು ಇಷ್ಟೇ: “ಮೊದಲು ಅಂದ್ರ ಯಾವಾಗವ್ವಾ? ಹತ್ತಿ ಮಾರೂಕಿಂತ ಮೊದಲೋ, ಮಾರಿದ ಮ್ಯಾಲೋ?” ಅವಳು ಕೂತು ಲೆಕ್ಕ ಹಾಕುತ್ತಾಳೆ. ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ. ನಮ್ಮ ಸೀಮೆಯಲ್ಲಿ ಗಂಡಹೆಂಡಿರ ಜಗಳ ಸ್ವಭಾವದಿಂದ ಹುಟ್ಟುವುದು ಕಡಿಮೆ, ಹಂಗಾಮಿನಿಂದ ಹುಟ್ಟುವುದು ಹೆಚ್ಚು. ಯಾವ ತಿಂಗಳು ಯಾವ ಜಗಳ ಬರುತ್ತದೆ ಅಂತ ಮೊದಲೇ ಗೊತ್ತಿರುವಾಗ ಅದಕ್ಕೆ ತಯಾರಿಯನ್ನೂ ಮಾಡಿಕೊಳ್ಳಬಹುದು. ಆ ತಯಾರಿಯ ಪಾಠಗಳು ಇವು.

1. ಯುಗಾದಿ ದಿನ ವರ್ಷದ ತಾಪತ್ರಯವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ

ಪಂಚಾಂಗ ಶ್ರವಣ ಮುಗಿದ ಮೇಲೆ ಗೋಡೆ ಕ್ಯಾಲೆಂಡರನ್ನು ಕೆಳಗಿಳಿಸಿ ಇಬ್ಬರೂ ಪೆನ್ನು ಹಿಡಿದು ಕೂರಬೇಕು. ಏಪ್ರಿಲ್, ಮೇ: ನೀರಿನ ಬರ, ರಜೆಯ ನೆಂಟರು. ಜೂನ್: ಶಾಲೆ, ಬಿತ್ತನೆ, ಎರಡಕ್ಕೂ ಒಟ್ಟಿಗೇ ದುಡ್ಡು. ಶ್ರಾವಣ: ರಾಯರ ಆರಾಧನೆ, ಸೋಮವಾರಗಳಂದು ಉರುಕುಂದದ ಈರಣ್ಣ ದೇವರಿಗೆ ಬರುವ ಜನ. ಆಗಸ್ಟ್‌ನಿಂದ ಅಕ್ಟೋಬರ್: ಹೊಳೆಯ ಭಯ. ದೀಪಾವಳಿಯಿಂದ ಸಂಕ್ರಾಂತಿ: ಹತ್ತಿ. ಆಮೇಲೆ ಸುಗ್ಗಿ, ಮದುವೆ, ಮುಯ್ಯಿ.

ಪ್ರತಿಯೊಂದರ ಎದುರು ಎರಡು ಸಂಗತಿ ಬರೆಯಿರಿ: ದುಡ್ಡು ಎಲ್ಲಿಂದ, ಕೆಲಸ ಯಾರದು. ಬರೆದಂತೆ ಎಲ್ಲ ನಡೆಯುವುದಿಲ್ಲ. ಆದರೆ ಜೂನ್‌ನಲ್ಲಿ ಬೀಜದ ಅಂಗಡಿಯ ಸಾಲವೂ ಮಗಳ ಪುಸ್ತಕದ ಪಟ್ಟಿಯೂ ಒಂದೇ ದಿನ ಬಂದಾಗ “ನೀವು ಹೇಳಲೇ ಇಲ್ಲ”, “ನೀನು ಕೇಳಲೇ ಇಲ್ಲ” ಅನ್ನುವ ಮಾತಿಗೆ ಜಾಗ ಇರುವುದಿಲ್ಲ. ಅರ್ಧ ಜಗಳ ಆ ಎರಡು ವಾಕ್ಯಗಳದ್ದೇ.

2. ನೆಂಟರಿಗೆ “ಆಗಲ್ಲ” ಅನ್ನುವವರು ಅವರ ಕಡೆಯವರೇ ಆಗಿರಲಿ

ಕ್ಷೇತ್ರದಲ್ಲಿ ಮನೆ ಇದ್ದವರಿಗೆ ನೆಂಟರ ಬಡತನ ಇರುವುದಿಲ್ಲ. ಶ್ರಾವಣ ಬಹುಳದ ಪಾಡ್ಯ, ಬಿದಿಗೆ, ತದಿಗೆ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ. ಆ ದಿನಗಳಲ್ಲಿ ಅತ್ತಿಗೆಯ ತಂಗಿಯ ಗಂಡನ ಮನೆಯವರೂ ನಮಗೆ ಹತ್ತಿರದವರೇ. ಬಂದವರು ರಾಯರ ಅತಿಥಿಗಳು, ಸಂತೋಷ. ಆದರೆ ಎರಡು ಕೋಣೆಯ ಮನೆ, ಒಂದು ಬಚ್ಚಲು, ಅಂಗಡಿಯಲ್ಲಿ ವರ್ಷದ ದೊಡ್ಡ ವ್ಯಾಪಾರ. ಇವೆಲ್ಲ ಒಂದೇ ವಾರದ ಮೇಲೆ ಬೀಳುತ್ತವೆ.

ನಮ್ಮ ಮನೆಯ ನಿಯಮ: ನನ್ನ ತವರಿನವರಿಗೆ ಹೇಳಬೇಕಾದ್ದನ್ನು ನಾನು ಹೇಳುತ್ತೇನೆ, ಅವರ ಕಡೆಯವರಿಗೆ ಅವರು. ಹೆಂಡತಿ ಗಂಡನ ತಮ್ಮನಿಗೆ “ರೂಮು ಬುಕ್ ಮಾಡ್ಕೊಂಡು ಬರ್ರಿ” ಅಂದರೆ ಅದು ಹತ್ತು ವರ್ಷ ನೆನಪಿರುವ ಮಾತು. ಅದನ್ನೇ ಅಣ್ಣ ಹೇಳಿದರೆ ಮಾಹಿತಿ. ಮಠದ ವಸತಿಗೃಹಗಳಿವೆ, ಖಾಸಗಿ ಲಾಡ್ಜುಗಳಿವೆ, ಮೊದಲೇ ಕಾಯ್ದಿರಿಸಿಕೊಳ್ಳಲು ಹೇಳುವುದರಲ್ಲಿ ಅವಮಾನವಿಲ್ಲ. ನಮ್ಮ ಮನೆಯಲ್ಲಿ ಒಂದು ಹೊತ್ತಿನ ರೊಟ್ಟಿ ಊಟ ಅಂತ ಮೊದಲೇ ಗೊತ್ತಿದ್ದರೆ ಬರುವವರಿಗೂ ಹಗುರ.

ಇನ್ನೊಂದು ಸಣ್ಣ ವಿಷಯ. ಏಕಾದಶಿ ದಿನ ಮಠದಲ್ಲಿ ಊಟ ಇರುವುದಿಲ್ಲ. ಅದು ತಿಳಿಯದೆ ಬಂದ ನೆಂಟರು ಮಧ್ಯಾಹ್ನ ನೇರ ಮನೆಗೆ ಬರುತ್ತಾರೆ. ಕ್ಯಾಲೆಂಡರಿನಲ್ಲಿ ಏಕಾದಶಿ ಎದುರು “ಮಂಡಾಳು ತರಬೇಕು” ಅಂತ ಬರೆದಿರುತ್ತದೆ. ಆ ಮಂಡಕ್ಕಿಯ ಉಗ್ಗಾಣಿ, ಜೊತೆಗೆ ಮಿರ್ಚಿ ಮಾಡುವುದು ನಮ್ಮ ಮನೆಯವರ ಪಾಲು, ಅದರಲ್ಲಿ ನಾನು ಕೈ ಹಾಕುವುದಿಲ್ಲ.

3. ಒಬ್ಬರಿಗೆ ಗೊತ್ತಿಲ್ಲದ ಸಾಲ ಇರಕೂಡದು

ಡ್ವಾಕ್ರಾ ಎಂಬ ಯೋಜನೆ 1982ರಲ್ಲಿ ಶುರುವಾಗಿ 1999ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಯಿತು. ಆಂಧ್ರದ ಊರುಗಳಲ್ಲಿ ಹೆಂಗಸರ ಸಂಘಕ್ಕೆ ಇವತ್ತಿಗೂ ಡ್ವಾಕ್ರಾ ಅಂತಲೇ ಹೆಸರು. ಸಂಘದ ಸಾಲ ಹೆಂಡತಿಯ ಹೆಸರಲ್ಲಿ ಬರುತ್ತದೆ, ಖರ್ಚು ಗಂಡನ ಕೈಯಲ್ಲಿ ಆಗುತ್ತದೆ, ಕಂತಿನ ದಿನ ಸಂಘದಲ್ಲಿ ತಲೆ ತಗ್ಗಿಸುವವಳು ಹೆಂಡತಿ. ಇದು ನಮ್ಮ ಓಣಿಯ ಹಳೇ ಕಥೆ. ಮೈಕ್ರೋಫೈನಾನ್ಸ್ ವಸೂಲಿಯ ಕಾಟ ಮಿತಿಮೀರಿದಾಗ ಆಂಧ್ರ ಸರ್ಕಾರ 2010ರಲ್ಲಿ ಸುಗ್ರೀವಾಜ್ಞೆ ತಂದಿತು, ಕರ್ನಾಟಕ ಸರ್ಕಾರ 2025ರಲ್ಲಿ ತಂದಿತು. ಕಾನೂನು ಬಾಗಿಲಿಗೆ ಬರುವ ವಸೂಲಿಗಾರನನ್ನು ತಡೆಯಬಹುದು. ಗಂಡಹೆಂಡಿರ ನಡುವೆ ಮುಚ್ಚಿಟ್ಟ ಸಾಲಕ್ಕೆ ಯಾವ ಸುಗ್ರೀವಾಜ್ಞೆಯೂ ಇಲ್ಲ.

ಅದಕ್ಕೆ ಒಂದು ನೋಟುಬುಕ್ಕು ಸಾಕು. ಎಡಗಡೆ ಕೊಡಬೇಕಾದ್ದು, ಬಲಗಡೆ ಬರಬೇಕಾದ್ದು. ಅಂಗಡಿಯ ಗಲ್ಲಾಪೆಟ್ಟಿಗೆಗೂ ಮನೆಯ ಡಬ್ಬಿಗೂ ದುಡ್ಡು ಅತ್ತಿಂದಿತ್ತ ಹೋದಾಗಲೆಲ್ಲ ಅದರಲ್ಲಿ ಬರೆಯಬೇಕು. ರಾಯರ ವಾರವಾದ ಗುರುವಾರದ ವ್ಯಾಪಾರ ನೋಡಿ ಶುಕ್ರವಾರ ಖರ್ಚು ಮಾಡುವ ಚಟ ಈ ಊರಿನ ಅಂಗಡಿಯವರಿಗೆಲ್ಲ ಇದೆ. ಸೋಮವಾರ, ಮಂಗಳವಾರ ಖಾಲಿ ಕೂತಾಗ ಅದರ ಬೆಲೆ ತಿಳಿಯುತ್ತದೆ.

4. ಇಬ್ಬರು ದುಡಿದಿದ್ದಕ್ಕೆ ಇಬ್ಬರ ಹೆಸರೂ ಇರಲಿ

ಎಮ್ಮಿಗನೂರು ನಮಗೆ ಹತ್ತಿರದ ದೊಡ್ಡ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ ಊರು ಅದು. ಕುಣಿಮಗ್ಗದ ಮನೆ ನೋಡಿದವರಿಗೆ ಗೊತ್ತು: ಗಂಡ ಮಗ್ಗದಲ್ಲಿ ಕೂತರೆ ಹೆಂಡತಿ ನೂಲು ಬಿಡಿಸಿ ಕಂಡಿಕೆ ಸುತ್ತಬೇಕು, ಇಲ್ಲದಿದ್ದರೆ ಲಾಳಿ ಓಡುವುದಿಲ್ಲ. ಸೀರೆ ಇಬ್ಬರದು, ನೇಕಾರ ಅಂತ ಹೆಸರು ಒಬ್ಬನದು. ಹೊಲದಲ್ಲೂ ಹಾಗೆಯೇ, ಅಂಗಡಿಯಲ್ಲೂ ಹಾಗೆಯೇ.

ಹೆಂಡತಿಯ ದುಡಿಮೆಗೆ ಲೆಕ್ಕ ಸಿಗುವುದು ಕಾಗದದಲ್ಲಿ ಅವಳ ಹೆಸರು ಇದ್ದಾಗ. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ 18 ವರ್ಷ ದಾಟಿದ ಹಿರಿಯ ಹೆಂಗಸನ್ನೇ ಮನೆಯ ಯಜಮಾನಿ ಅಂತ ಗುರುತಿಸುತ್ತದೆ. ಸರ್ಕಾರ ಅಕ್ಕಿಗೆ ಒಪ್ಪಿಕೊಂಡಿದ್ದನ್ನು ನಾವು ಮನೆ ಪತ್ರಕ್ಕೆ, ಬ್ಯಾಂಕಿನ ಜಂಟಿ ಖಾತೆಗೆ ಒಪ್ಪಿಕೊಳ್ಳಲು ಏನಡ್ಡಿ?

ನದಿ ದಾಟಿ ಬಂದ ಸೊಸೆಯಂದಿರಿಗೆ ಇನ್ನೊಂದು ಎಚ್ಚರಿಕೆ. ಆಂಧ್ರದಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ನಮ್ಮ ತವರಿನ ಕಡೆ ಹುಡುಗಿಗೆ ತಂದೆಯ ಹೆಸರು ಹಿಂದೆ, ಅಡ್ಡಹೆಸರು ಇದ್ದರೆ ಅದರ ಹಿಂದೆ. ಶಾಲೆಯ ಟಿ.ಸಿ.ಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಹೆಸರಾದರೆ ಪಿಂಚಣಿಯಿಂದ ಹಿಡಿದು ವಿಮೆಯವರೆಗೆ ಎಲ್ಲ ನಿಲ್ಲುತ್ತದೆ. ಮದುವೆಯಾದ ವರ್ಷವೇ ಗಂಡಹೆಂಡತಿ ಒಟ್ಟಿಗೆ ಹೋಗಿ ಎಲ್ಲದರಲ್ಲೂ ಒಂದೇ ಹೆಸರು, ಒಂದೇ ಅಕ್ಷರ ಮಾಡಿಸಿಬಿಡಿ. ಮಧುಚಂದ್ರಕ್ಕಿಂತ ಅದು ಹೆಚ್ಚು ಕಾಲ ಬಾಳುತ್ತದೆ.

5. ತವರಿನ ಬಸ್ ಚಾರ್ಜು ತಿಂಗಳ ಖರ್ಚಿನಲ್ಲೇ ಇರಲಿ

ಹೆಂಗಸರಿಗೆ ಪುಕ್ಕಟೆ ಬಸ್ಸಿನ ಯೋಜನೆಗಳಲ್ಲಿ ಕರ್ನಾಟಕದ ಶಕ್ತಿ 2023ರ ಜೂನ್ 11ರಂದು ಶುರುವಾಯಿತು, ಆಂಧ್ರದಲ್ಲಿ ಸ್ತ್ರೀ ಶಕ್ತಿ 2025ರ ಆಗಸ್ಟ್ 15ರಂದು. ಎರಡೂ ಆಯಾ ರಾಜ್ಯದ ಹೆಂಗಸರಿಗೆ, ಆಯಾ ರಾಜ್ಯದ ಒಳಗೆ. ನನ್ನ ಆಧಾರ್ ಈಗ ಆಂಧ್ರದ್ದು. ಆದೋನಿಗೆ, ಎಮ್ಮಿಗನೂರಿಗೆ, ಕರ್ನೂಲಿಗೆ ಚಾರ್ಜಿಲ್ಲ. ಹೊಳೆ ದಾಟಿ ಅವ್ವನನ್ನು ನೋಡಲು ಹೋದರೆ ಪೂರ್ತಿ ಚಾರ್ಜು.

ಹೀಗಾಗಿ ಹೊಸದೊಂದು ಮಾತು ಮನೆಮನೆಯಲ್ಲಿ ಹುಟ್ಟಿದೆ: “ಆದೋನಿಗೆ ಫುಕ್ಕಟ ಹೋಗಿ ಬರಬಹುದಲ್ಲ, ರಾಯಚೂರಿಗೇ ಯಾಕ?” ಸೀರೆ ಕೊಳ್ಳಲು ಆದೋನಿ ಸರಿ. ಅವ್ವ ಆದೋನಿಯಲ್ಲಿ ಸಿಗುವುದಿಲ್ಲ. ಹಾಲಿನ ಲೆಕ್ಕದ ಹಾಗೆ ತವರಿನ ಚಾರ್ಜನ್ನೂ ತಿಂಗಳ ಮೊದಲೇ ತೆಗೆದಿಡಿ. ಕೇಳಿ ಪಡೆಯಬೇಕಾದ ದುಡ್ಡು ಅದಲ್ಲ.

6. ಬೇಸಿಗೆಯಲ್ಲಿ ನೀರಿನ ಕೆಲಸಕ್ಕೆ ಗಂಡು ಹೆಣ್ಣಿಲ್ಲ

ಶಿವರಾತ್ರಿ ಕಳೆದ ಮೇಲೆ ಹೊಳೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತವೆ. ಹೊಸಪೇಟೆಯ ಅಣೆಕಟ್ಟಿನಿಂದ ಬಳ್ಳಾರಿ ಜಿಲ್ಲೆ ಹಾಯ್ದು ಬರುವ ಕೆಳಮಟ್ಟದ ಕಾಲುವೆ, ಅಂದರೆ ನಮ್ಮ ಎಲ್‌ಎಲ್‌ಸಿ, ನಿಂತ ಮೇಲೆ ಆದೋನಿ ಸುತ್ತಿನ ಊರುಗಳು ಕೆರೆ, ಟ್ಯಾಂಕುಗಳಲ್ಲಿ ತುಂಬಿಟ್ಟ ನೀರಿನ ಮೇಲೆ ಬದುಕಬೇಕು. ನಲ್ಲಿ ಯಾವ ಹೊತ್ತಿಗೆ ಬರುತ್ತದೆ ಅನ್ನುವುದೇ ದಿನದ ಮೊದಲ ಸುದ್ದಿ.

ಒಂದು ಸಂಗತಿ ಗಮನಿಸಿದ್ದೇನೆ. ಸೊಂಟದ ಮೇಲಿನ ಕೊಡ ಹೆಂಗಸರ ಕೆಲಸ ಅನ್ನುವ ಗಂಡಸೇ, ಇಪ್ಪತ್ತು ಲೀಟರಿನ ಕ್ಯಾನನ್ನು ಟಿವಿಎಸ್ ಗಾಡಿ ಮೇಲೆ ತರಲು ನಾಚುವುದಿಲ್ಲ. ಹಾಗಾದರೆ ತಕರಾರು ನೀರಿನದಲ್ಲ, ಪಾತ್ರೆಯದು! ಕುಡಿಯುವ ನೀರು ಗಾಡಿಯ ಮೇಲೆ ಅವರು ತರಲಿ, ಬಳಸುವ ನೀರು ನಲ್ಲಿ ಬಂದಾಗ ಮನೆಯಲ್ಲಿ ಯಾರಿದ್ದಾರೋ ಅವರು ಹಿಡಿಯಲಿ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಯಾವ ದೊಡ್ಡ ವಿಷಯವನ್ನೂ ಚರ್ಚಿಸಬಾರದು ಅನ್ನುವುದು ಇದಕ್ಕೆ ಸೇರಿದ ಉಪಪಾಠ.

7. ಹೊಳೆ ಬರುವ ಮೊದಲೇ ಟ್ರಂಕು ಮೇಲೇರಲಿ

2009ರ ಅಕ್ಟೋಬರ್ ಮೊದಲ ವಾರ ಮಂತ್ರಾಲಯದವರು ಮರೆಯುವಂಥದ್ದಲ್ಲ. ತುಂಗಭದ್ರೆ ಊರೊಳಗೆ ನುಗ್ಗಿದಳು, ಮಠದ ಆವರಣದಲ್ಲೂ ನೀರು ನಿಂತಿತು, ಯಾತ್ರಿಕರು ಮಹಡಿಗಳ ಮೇಲೆ ಸಿಕ್ಕಿಕೊಂಡರು, ಕರ್ನೂಲು ಪಟ್ಟಣವೂ ಮುಳುಗಿತು. ನೀರು ಇಳಿದ ಮೇಲೆ ಮನೆಮನೆಯಲ್ಲೂ ಕೆಸರಿನೊಳಗೆ ಹುಡುಕಿದ್ದು ಬಂಗಾರಕ್ಕಿಂತ ಹೆಚ್ಚಾಗಿ ಕಾಗದ: ಪಾಸ್‌ಬುಕ್ಕು, ಮಾರ್ಕ್ಸ್‌ಕಾರ್ಡು, ಪಟ್ಟಾ.

ಅಂದಿನಿಂದ ಈ ಊರಿನಲ್ಲಿ ಬುದ್ಧಿವಂತ ಸಂಸಾರದ ಗುರುತು ಒಂದು ಟ್ರಂಕು. ಅದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಎಲ್ಲ ಕಾಗದ, ಎರಡು ದಿನಕ್ಕೆ ಬೇಕಾದ ಔಷಧ, ಒಂದಷ್ಟು ನಗದು. ಶ್ರಾವಣಕ್ಕೆ ಮೊದಲು ಅದು ಅಟ್ಟ ಹತ್ತಬೇಕು. ಅದು ಎಲ್ಲಿದೆ, ಕೀಲಿ ಎಲ್ಲಿದೆ ಅನ್ನುವುದು ಇಬ್ಬರಿಗೂ, ಬುದ್ಧಿ ಬಂದ ಮಕ್ಕಳಿಗೂ ಗೊತ್ತಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ಸುದ್ದಿ ಬಂದಾಗ ನದಿಪಾತ್ರದ ಊರುಗಳಿಗೆಲ್ಲ ಎಚ್ಚರಿಕೆ ಕೊಟ್ಟರು. ಅಂಗಡಿಯ ಕೆಳಗಿನ ಸಾಲಿನ ಸಾಮಾನು ಮೇಲಿಡುವುದು ಅವರ ಕೆಲಸ, ಮನೆಯ ಟ್ರಂಕು, ಅತ್ತೆಯವರ ಗುಳಿಗೆ ನನ್ನ ಕೆಲಸ ಅಂತ ಮೊದಲೇ ಹಂಚಿಕೆಯಾಗಿತ್ತು. ಅಂಥ ರಾತ್ರಿ ಯಾರು ಏನು ಮಾಡಬೇಕು ಅಂತ ಕೂಗಾಡುವ ಸಂಸಾರಕ್ಕೂ ಸುಮ್ಮನೆ ಕೆಲಸಕ್ಕೆ ಬೀಳುವ ಸಂಸಾರಕ್ಕೂ ಇರುವ ವ್ಯತ್ಯಾಸ ಈ ಹಂಚಿಕೆಯೊಂದೇ.

8. ಹತ್ತಿ ಮನೆಯೊಳಗೆ ಬಂದ ದಿನವೇ ಅದು ಹೋಗುವ ದಿನವನ್ನೂ ಗೊತ್ತುಮಾಡಿ

ಎರೆಸೀಮೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಿಸಿದ ಹತ್ತಿ ಪಡಸಾಲೆಗೆ ಬಂದರೆ ಮನೆ ಅವರದ್ದಲ್ಲ, ಹತ್ತಿಯದು. ಮಕ್ಕಳು ಅದರ ಮೇಲೆ ಕುಣಿಯುತ್ತಾರೆ, ಹಿರಿಯರು ಕೆಮ್ಮುತ್ತಾರೆ, ಅಡಿಗೆಮನೆಯಲ್ಲಿ ಒಲೆ ಹಚ್ಚುವಾಗೆಲ್ಲ ಎದೆ ಢವಗುಟ್ಟುತ್ತದೆ, ಗಂಡಹೆಂಡತಿ ಮಲಗಲು ಜಾಗ ಹುಡುಕಬೇಕು. ಗಂಡಸರ ಆಸೆ: ಇನ್ನೊಂದು ವಾರ ಕಾದರೆ ಆದೋನಿ ಯಾರ್ಡಿನಲ್ಲಿ ರೇಟು ಏರೀತು. ಹೆಂಗಸರ ಆಸೆ: ಮನೆ ಖಾಲಿಯಾದೀತು. ಇಬ್ಬರದ್ದೂ ನ್ಯಾಯವೇ.

ಇಲ್ಲಿ ಅಂಕಿಸಂಖ್ಯೆ ಸಹಾಯಕ್ಕೆ ಬರುತ್ತದೆ. 2025–26ಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ, ಮಧ್ಯಮ ಎಳೆಗೆ 7,710. ಹತ್ತಿ ನಿಗಮದವರು ತೇವ ಶೇ 8ರೊಳಗಿದ್ದರೆ ಪೂರ್ತಿ ಬೆಲೆ ಕೊಡುತ್ತಾರೆ, ಶೇ 12 ದಾಟಿದರೆ ಮುಟ್ಟುವುದಿಲ್ಲ. ಅಂದಮೇಲೆ ಮನೆಯಲ್ಲಿ ರಾಶಿ ಹಾಕಿ ಕಾಯುವುದಕ್ಕಿಂತ ಬಿಸಿಲಿಗೆ ಹರವಿ ಒಣಗಿಸುವ ದುಡಿಮೆಗೇ ಹೆಚ್ಚು ದುಡ್ಡು. ನಮ್ಮಲ್ಲಿ ಆಗಿರುವ ಒಪ್ಪಂದ ಹೀಗೆ: ಹೆಚ್ಚಿನ ಪಾಲು ಒಣಗಿದ ಕೂಡಲೇ ಮಾರಾಟಕ್ಕೆ, ಸ್ವಲ್ಪ ಪಾಲು ರೇಟು ನೋಡಲು. ರೇಟು ಏರಿದರೆ ಅವರು ಮೀಸೆ ತಿರುವಬಹುದು, ಇಳಿದರೆ ನಷ್ಟ ಸಣ್ಣದು. ದಲ್ಲಾಳಿ ಕೊಟ್ಟ ಚೀಟಿ ಆ ದಿನವೇ ನೋಟುಬುಕ್ಕಿಗೆ ಅಂಟಬೇಕು.

9. ಸುಗ್ಗಿಗೆ ಹೋಗುವುದಾದರೆ ನಿರ್ಧಾರ ಇಬ್ಬರದ್ದಾಗಿರಲಿ

ಇದು ನನ್ನ ಮನೆಯ ಪಾಠವಲ್ಲ, ಅಕ್ಕಪಕ್ಕದ ಮನೆಗಳದ್ದು. ಕೋಸಿಗಿ, ಕೌತಾಳಂ, ಪೆದ್ದಕಡುಬೂರು, ಮಂತ್ರಾಲಯ ಮಂಡಲಗಳಲ್ಲಿ ಸುಗ್ಗಿ ಅಂದರೆ ಸ್ವಂತ ಹೊಲದ ಸಂಭ್ರಮ ಮಾತ್ರವಲ್ಲ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವುದೂ ಸುಗ್ಗಿಯೇ. ಮಳೆ ಕೈಕೊಟ್ಟ ವರ್ಷ ಸಂಕ್ರಾಂತಿ ಕಳೆದ ಮೇಲೆ ಓಣಿಗೆ ಓಣಿಯೇ ಬೀಗ ಹಾಕಿಕೊಂಡು ಗಾಡಿ ಹತ್ತುತ್ತದೆ. ಗಂಡಹೆಂಡತಿ ಜೋಡಿಯಾಗಿ ಹೋಗುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಉಳಿಯುವವರು ಮುದುಕರು, ಶಾಲೆಗೆ ಹೋಗುವ ಮಕ್ಕಳು. ಎಷ್ಟೋ ಸಲ ಮಕ್ಕಳೂ ಉಳಿಯುವುದಿಲ್ಲ.

ಹೋಗಿಬಂದವರ ಬಾಯಿಂದ ಕೇಳಿ ತಿಳಿದದ್ದು ಇಷ್ಟು. ಮೇಸ್ತ್ರಿಯಿಂದ ಮುಂಗಡ ಇಸಕೊಳ್ಳುವಾಗ ಹೆಂಡತಿ ಎದುರಿಗಿರಬೇಕು, ಏಕೆಂದರೆ ತೀರಿಸುವ ಕೈಗಳಲ್ಲಿ ಎರಡು ಅವಳವು. ಕೂಲಿ ಇಬ್ಬರಿಗೂ ಬೇರೆ ಬೇರೆ ಲೆಕ್ಕ ಬರೆಸಬೇಕು. ಮಕ್ಕಳನ್ನು ಬಿಟ್ಟು ಹೋಗುವುದಾದರೆ ವಲಸೆ ಹೋಗುವವರ ಮಕ್ಕಳಿಗಾಗಿ ಆ ತಿಂಗಳುಗಳಲ್ಲಿ ಶಾಲೆಗಳಲ್ಲಿ ನಡೆಯುವ ಹಾಸ್ಟೆಲ್ ವಿಚಾರವನ್ನು ಹೊರಡುವ ಮೊದಲೇ ಹೆಡ್‌ಮಾಸ್ಟರ ಹತ್ತಿರ ಕೇಳಬೇಕು, ಗಾಡಿ ಬಂದು ನಿಂತ ದಿನವಲ್ಲ. ರೇಷನ್ ಕಾರ್ಡು ಜೊತೆಗಿರಲಿ, ಬೆರಳಚ್ಚು ಕೊಟ್ಟರೆ ಬೇರೆ ಊರಿನ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ. ಮತ್ತೊಂದು, ಅತಿ ಮುಖ್ಯವಾದದ್ದು: ಒಂದು ಹಂಗಾಮಿನ ದುಡ್ಡು ಯಾವುದಕ್ಕೆ ಅಂತ ಹೊರಡುವ ಮೊದಲೇ ಮಾತಾಗಬೇಕು. ಸಾಲಕ್ಕೋ, ಮಗಳ ಮದುವೆಗೋ, ಬೋರಿಗೋ. ಮೂರು ತಿಂಗಳು ಘಾಟಿನಲ್ಲಿ ಕಣ್ಣು ಉರಿಸಿಕೊಂಡು ತಂದ ದುಡ್ಡು ವಾರದಲ್ಲಿ ಕರಗಿದಾಗ ಆಗುವ ಜಗಳ ಸಣ್ಣದಿರುವುದಿಲ್ಲ.

10. ಮಕ್ಕಳ ಶಾಲೆಯ ಮಾತನ್ನು ಅಭಿಮಾನದಿಂದ ಅಲ್ಲ, ಲೆಕ್ಕದಿಂದ ಆಡಿ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಫೀಸು ಕಟ್ಟಿದರೆ ಇಂಗ್ಲಿಷು. ಆದೋನಿ, ಕೌತಾಳಂ, ಹೊಳಗುಂದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸೌಲಭ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಆದರೂ ಗಂಡ ಒಂದು ಹೇಳಿ, ಹೆಂಡತಿ ಒಂದು ಹೇಳಿ, ಅಜ್ಜಿ ಮೂರನೆಯದು ಹೇಳಿ ಮಗು ಜೂನ್ 12ರವರೆಗೂ ಮನೆಯಲ್ಲೇ ಇರುತ್ತದೆ.

“ತವರಿನಲ್ಲಿ ಬಿಟ್ಟು ಕನ್ನಡ ಓದಿಸೋಣ” ಅನ್ನುವವರು ಒಂದು ವಿಷಯ ತಿಳಿದಿರಬೇಕು. ಆಂಧ್ರದಲ್ಲಿ 371ಡಿ ವಿಧಿಯ ಕೆಳಗೆ ಕಾಲೇಜು ಸೀಟಿಗೂ ಸರ್ಕಾರಿ ಕೆಲಸಕ್ಕೂ “ಲೋಕಲ್” ಅನ್ನಿಸಿಕೊಳ್ಳಲು ಆ ಭಾಗದಲ್ಲಿ ಸತತವಾಗಿ ಓದಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಆಚೆ ದಡದ ರಾಯಚೂರಿಗೆ 371ಜೆ ಇದೆ, ಅದರ ನಿಯಮಗಳೇ ಬೇರೆ. ಹೈಸ್ಕೂಲನ್ನು ಅರ್ಧ ಅಲ್ಲಿ, ಅರ್ಧ ಇಲ್ಲಿ ಮಾಡಿದರೆ ಮಗು ಎರಡೂ ದಡಕ್ಕೆ ಹೊರಗಿನವನಾಗುವ ಅಪಾಯವಿದೆ. ಯಾವ ದಡ ಅಂತ ಹೈಸ್ಕೂಲಿಗೆ ಮೊದಲೇ ತೀರ್ಮಾನಿಸಿ, ಆಮೇಲೆ ಕದಲಿಸಬೇಡಿ. ಕನ್ನಡ ಓದುಬರಹವನ್ನು ಮನೆಯಲ್ಲಿ ಕಲಿಸಬಹುದು. ನಮ್ಮ ಊರಿನ ಬೋರ್ಡುಗಳು, ಮಠದ ಪುಸ್ತಕದಂಗಡಿ, ಗುರುವಾರ ಅಂಗಡಿಗೆ ಬರುವ ಗಿರಾಕಿಗಳು, ಎಲ್ಲವೂ ಪುಕ್ಕಟೆ ಪಾಠಶಾಲೆ. ಚಿಲ್ಲರೆ ಎಣಿಸಲು ಕೂತ ಮಗ ಕನ್ನಡದ ಅಂಕಿ, ಅಕ್ಷರ ಕಲಿತದ್ದು ಅಲ್ಲಿಯೇ.

11. ಹವ್ಯಾಸಕ್ಕೆ ಹೊತ್ತು ಕೊಡಿ, ಆದರೆ ಅದನ್ನೂ ದುಡಿಮೆಗೆ ಹಚ್ಚಬೇಡಿ

ನನಗೆ ಕೌದಿ ಹೊಲಿಯುವ ಹುಚ್ಚು. ಹಳೇ ಸೀರೆ, ಪಂಚೆ ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತ ಹೋಗುವುದು. ದಿನವೆಲ್ಲ ಮಷೀನು ತುಳಿದವಳಿಗೆ ಮತ್ತೆ ಸೂಜಿದಾರ ಯಾಕೆ ಅಂತ ಕೇಳುತ್ತಾರೆ. ಮಷೀನಿನ ಹೊಲಿಗೆ ಗಿರಾಕಿಯ ಅಳತೆಗೆ, ಕೌದಿ ನನ್ನ ಅಳತೆಗೆ. ಅದಕ್ಕೇ. ನಮ್ಮ ಮನೆಯವರಿಗೆ ಹಾರ್ಮೋನಿಯಂ. ನಾಟಕದ ಪದ್ಯಗಳು, ದಾಸರ ಪದಗಳು, ಕನ್ನಡವೂ ಆದೀತು ತೆಲುಗೂ ಆದೀತು. ಈ ಸೀಮೆಯ ನಾಟಕದ ನಂಟು ಹಳೆಯದು. ಕನ್ನಡ, ತೆಲುಗು ಎರಡು ರಂಗಭೂಮಿಗಳಲ್ಲೂ ಹೆಸರು ಮಾಡಿದ ಬಳ್ಳಾರಿ ರಾಘವ ವೃತ್ತಿಯಿಂದ ವಕೀಲರು, ನಾಟಕ ಅವರಿಗೆ ಹವ್ಯಾಸವಾಗಿತ್ತು. ಅಂಥವರೇ ಹಾಗಿದ್ದರೆ ಪೂಜಾಸಾಮಾನಿನ ಅಂಗಡಿಯವರಿಗೆ ಹಾರ್ಮೋನಿಯಂ ಯಾಕೆ ಬೇಡ?

ನಿಯಮಗಳು ಮೂರು. ಒಂದು, ಹವ್ಯಾಸಕ್ಕೆ ಗೊತ್ತಾದ ಹೊತ್ತು ಇರಬೇಕು. ಸೋಮವಾರ, ಮಂಗಳವಾರ ಸಂಜೆ ಅಂಗಡಿ ತಣ್ಣಗಿರುವಾಗ ಹಾರ್ಮೋನಿಯಂ, ಗುರುವಾರದ ಹಿಂದಿನ ರಾತ್ರಿ ಅಲ್ಲ. ಎರಡು, ಗೊತ್ತಾದ ಖರ್ಚು ಇರಬೇಕು. ಹಾರ್ಮೋನಿಯಂ ರಿಪೇರಿಯೂ ನೋಟುಬುಕ್ಕಿನ ಎಡಗಡೆ ಬರುತ್ತದೆ, ನನ್ನ ದಾರದ ಉಂಡೆಯೂ ಬರುತ್ತದೆ. ಮೂರು, ಇನ್ನೊಬ್ಬರ ಹವ್ಯಾಸದಿಂದ ದುಡ್ಡು ಮಾಡುವ ಸಲಹೆ ಕೊಡಕೂಡದು. “ಕೌದಿ ಮಾರಬಹುದಲ್ಲ, ಬೆಂಗಳೂರಾಗ ಭಾರಿ ರೇಟೈತಿ” ಅಂತ ಬಂದವರೆಲ್ಲ ಹೇಳುತ್ತಾರೆ. ಮಾರಲು ಹೊಲಿದ ದಿನವೇ ಅದು ಇನ್ನೊಂದು ಕೂಲಿ. ಬಡವರ ಮನೆಯಲ್ಲಿ ಲಾಭವಿಲ್ಲದ ಕೆಲಸ ಒಂದಾದರೂ ಇರಬೇಕು, ಇಲ್ಲದಿದ್ದರೆ ಗಂಡಹೆಂಡತಿ ಪಾಲುದಾರರಾಗಿ ಉಳಿದುಬಿಡುತ್ತಾರೆ.

12. ಯಾವ ಆಸ್ಪತ್ರೆ ಅಂತ ಮೈ ಚೆನ್ನಾಗಿದ್ದಾಗಲೇ ಮಾತಾಡಿ

ಆಂಧ್ರದ ಆರೋಗ್ಯ ಕಾರ್ಡಿಗೆ ಅದರದೇ ಆಸ್ಪತ್ರೆಗಳ ಪಟ್ಟಿ ಇದೆ, ಕರ್ನಾಟಕದ ಕಾರ್ಡಿಗೆ ಬೇರೆ ಪಟ್ಟಿ. ರಾಯಚೂರು ಹತ್ತಿರ ಅಂತ ಹೋದರೆ ಕಾರ್ಡು ನಡೆಯದಿರಬಹುದು, ಕಾರ್ಡು ನಡೆಯುತ್ತದೆ ಅಂತ ಕರ್ನೂಲಿಗೆ ಹೊರಟರೆ ದಾರಿ ದೂರ. ಎದೆನೋವಿಗೆ ಎಲ್ಲಿ, ಹೆರಿಗೆಗೆ ಎಲ್ಲಿ, ಅತ್ತೆಮಾವಂದಿರ ಕಣ್ಣಿಗೆ ಎಲ್ಲಿ ಅಂತ ಒಂದು ಚೀಟಿ ಬರೆದು ಟ್ರಂಕಿನಲ್ಲಿಡಿ. ಮೊದಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇದ್ದವರು ತಾಯಿ ಕಾರ್ಡು, ಸ್ಕ್ಯಾನ್ ಕಾಗದ ಜೊತೆಗೆ ಒಯ್ಯಲಿ. ಮಗುವಿನ ಜನನ ಪತ್ರ ಹುಟ್ಟಿದ ಊರಿನಲ್ಲೇ ಸಿಗುವುದು, ಬಾಣಂತನ ಮುಗಿಸಿ ಬರುವ ಮೊದಲೇ ಅದನ್ನು ಮಾಡಿಸಿಕೊಂಡು ಬರಬೇಕು.

13. ಬುಧವಾರ ರಾತ್ರಿ ಜಗಳ ಬೇಡ

ಗುರುವಾರ ನಮಗೆ ದುಡಿಯುವ ದಿನ, ಬೆಳಗಿನ ಜಾವವೇ ಅಂಗಡಿ ತೆರೆಯಬೇಕು. ಮುಖ ಗಂಟಿಕ್ಕಿಕೊಂಡು ಕೂತ ಅಂಗಡಿಯವನ ಹತ್ತಿರ ಯಾತ್ರಿಕ ತುಳಸಿಮಾಲೆ ಕೊಳ್ಳುವುದಿಲ್ಲ. ಏನೇ ತಕರಾರಿದ್ದರೂ ಶುಕ್ರವಾರ ಸಂಜೆಗೆ ಮುಂದೂಡುವುದು ನಮ್ಮ ರೂಢಿ. ಅಷ್ಟರಲ್ಲಿ ಅರ್ಧ ತಕರಾರು ಮರೆತೇಹೋಗಿರುತ್ತದೆ. ಮರೆಯದೆ ಉಳಿದದ್ದು ನಿಜವಾಗಿ ಮಾತಾಡಬೇಕಾದ ವಿಷಯ ಅಂತ ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೊಡೆತ, ಕುಡಿತ, ಜೂಜು ಇವು ಹಂಗಾಮಿನ ಜಗಳಗಳಲ್ಲ. ಅವಕ್ಕೆ ಕ್ಯಾಲೆಂಡರು, ನೋಟುಬುಕ್ಕು ಮದ್ದಲ್ಲ. ಅಂಥದ್ದು ನಡೆದರೆ ಶುಕ್ರವಾರದವರೆಗೆ ಕಾಯಬೇಡಿ. ತವರಿಗೆ, ಸಂಘಕ್ಕೆ ಹೇಳಿ. ಹೆಂಗಸರ ಸಹಾಯವಾಣಿ 181 ಎರಡೂ ರಾಜ್ಯಗಳಲ್ಲಿದೆ.

ಉಳಿದ ಸಂಸಾರಗಳಿಗೆ ನನ್ನ ಮಾತು ಒಂದೇ. ಬರ, ಹೊಳೆ, ನೆಂಟರು, ರೇಟು, ಇವು ಯಾವುವೂ ಗಂಡನ ತಪ್ಪಲ್ಲ, ಹೆಂಡತಿಯ ತಪ್ಪೂ ಅಲ್ಲ. ಪ್ರತಿ ವರ್ಷ ಹೇಳಿಯೇ ಬರುತ್ತವೆ. ಬರುವುದು ಗೊತ್ತಿದ್ದೂ ಒಬ್ಬರನ್ನೊಬ್ಬರು ಬಯ್ಯುವುದಕ್ಕಿಂತ, ಮುಂದಿನ ಯುಗಾದಿಗೆ ಹೊಸ ಕ್ಯಾಲೆಂಡರು ತಂದಾಗ ಅದರ ಜೊತೆ ಎರಡು ಪೆನ್ನು ತನ್ನಿ. ಒಂದು ಅವರಿಗೆ, ಒಂದು ನಿಮಗೆ.